ಹೊಳಪು ಹೋದ ರೆಕ್ಕೆ

ಅಮೆರಿಕಕ್ಕೆ ಹೋಗಿ ಬಂದ ನಮ್ಮೂರಿನವರು ಜಲಪಾತದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತರುತ್ತಾರೆ. ನಾನು ತಂದದ್ದು ವಿಮಾನದ ರೆಕ್ಕೆಗಳ ಫೋಟೋ. ಹಿಮ ಹೊತ್ತ ರೆಕ್ಕೆ, ಹಬೆಯಲ್ಲಿ ಮುಳುಗಿದ ರೆಕ್ಕೆ, ಕಿತ್ತಳೆ ಬಣ್ಣದ ದ್ರವ ಸುರಿಯುತ್ತಿರುವ ರೆಕ್ಕೆ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅವುಗಳಲ್ಲಿ ಇಪ್ಪತ್ತಮೂರು ಫೋಟೋ ತೆಗೆಯುವಾಗ ನಾನು ಏನು ಮಾಡಿದೆ ಎಂಬುದನ್ನು ಹೇಳುವುದಕ್ಕೇ ಈ ಪ್ರವಾಸದ ಕಥೆ ಬರೆಯಲು ಕೂತಿದ್ದೇನೆ. ಊರು, ರಸ್ತೆ, ಊಟ ಎಲ್ಲ ದಾರಿಯಲ್ಲಿ ಸಿಕ್ಕಷ್ಟು ಬರುತ್ತದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ತಿಪಟೂರಿನಲ್ಲಿ ನಲವತ್ತೊಂದು ವರ್ಷ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲವನ್ನೂ ತೆಗೆದವನು. ಕಸುಬು ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿದ್ದರು: ಗಿರಾಕಿಯ ಮುಖದಲ್ಲಿ ಏನು ಕಂಡರೂ ಬಾಯಿ ಬಿಡಬಾರದು. ಹಲ್ಲು ಉಬ್ಬಿರಲಿ, ಕಣ್ಣು ಮೆಳ್ಳೆ ಇರಲಿ, ಮದುಮಗಳು ಅತ್ತು ಮುಖ ಊದಿಸಿಕೊಂಡಿರಲಿ, "ಚೆನ್ನಾಗಿದೆ, ಅಲ್ಲಾಡಬೇಡಿ" ಎಂದು ಬಟನ್ ಒತ್ತಬೇಕು. ಮಿಕ್ಕದ್ದನ್ನು ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸರಿಮಾಡಬೇಕು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ಮದುವೆಯ ಹಿಂದಿನ ದಿನ ಬಿದ್ದ ಏಟಿನ ಗುರುತು ಕೂಡ ನನ್ನ ಪೆನ್ಸಿಲಿನ ತುದಿಯಲ್ಲಿ ಮಾಯವಾಗಿವೆ. ಅದನ್ನು ನಾನು ಕಲೆಗಾರಿಕೆ ಎಂದೇ ತಿಳಿದಿದ್ದೆ.

ಗ್ಲೆಂಡೇಲ್ ಹೈಟ್ಸ್

ನನ್ನ ಹೆಂಡತಿ ಲಲಿತಳ ತಮ್ಮ ರಘು ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿದ್ದಾನೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವನು. ವಿಮಾನದ ಮೇಲಿನ ಹಿಮ ತೊಳೆಯುವ ಲಾರಿಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವನ ಕೆಲಸ. ಹಿಂದಿನ ವರ್ಷ ಚಳಿಗಾಲದಲ್ಲಿ ಅವನೊಂದು ವಿಡಿಯೋ ಕಳಿಸಿದ್ದ. ಲಾರಿಯ ಬೆನ್ನಿನಿಂದ ಉದ್ದನೆಯ ತೋಳೊಂದು ಮೇಲೆದ್ದಿದೆ, ಅದರ ತುದಿಯ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬ ಮನುಷ್ಯ ಕೂತು, ಕೆರೆಯಲ್ಲಿ ಎಮ್ಮೆಯ ಮೈ ತೊಳೆಯುವಷ್ಟೇ ನಿಧಾನವಾಗಿ ವಿಮಾನವನ್ನು ತೊಳೆಯುತ್ತಿದ್ದಾನೆ. ಸುತ್ತ ಹಬೆ. ಹಿಂದಿನಿಂದ ದೀಪ. ಅಂಥ ಬೆಳಕನ್ನು ನಾನು ಸ್ಟುಡಿಯೋದಲ್ಲಿ ಒಂದು ದಿನವೂ ಕಟ್ಟಿರಲಿಲ್ಲ. ಆ ರಾತ್ರಿಯಿಂದ ನನಗೆ ಹುಚ್ಚು ಹಿಡಿಯಿತು.

ಎಲ್ಲರೂ ಅಮೆರಿಕಕ್ಕೆ ಹೋಗುವುದು ಮೇ ತಿಂಗಳಲ್ಲಿ. ರಘುವೂ ಮೇನಲ್ಲೇ ಬನ್ನಿ ಎಂದ. ನಾನು ಜನವರಿಯೇ ಆಗಬೇಕೆಂದು ಹಟ ಹಿಡಿದೆ. ಲಲಿತಳಿಗೆ ವಿಮಾನವೆಂದರೆ ಮೊದಲಿನಿಂದಲೂ ಭಯ. ತಮ್ಮನನ್ನು ನೋಡಿ ಆರು ವರ್ಷವಾಗಿತ್ತೆಂದು ಒಪ್ಪಿಕೊಂಡಳು. ಆದರೆ ಒಂದು ಷರತ್ತು ಹಾಕಿದಳು.

"ನಾನು ಕಿಟಕಿ ಕಡೆ ತಿರುಗೂ ನೋಡಲ್ಲ ರೀ. ನೋಡೋದು ನಿಮ್ಮ ಕೆಲಸ. ನಾನು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ನನ್ನ ಸಮಾಧಾನಕ್ಕೆ ಅಂತ ಏನೂ ಹೇಳಕೂಡದು."

ಬೆಂಗಳೂರಿನಿಂದ ಹೋಗುವಾಗ ಹಾಗೇ ನಡೆದುಕೊಂಡೆ. ವಿಮಾನ ಕುಲುಕಿದಾಗ ಕುಲುಕುತ್ತಿದೆ ಎಂದೆ. ರೆಕ್ಕೆ ಬಾಗಿದಾಗ ಬಾಗುತ್ತಿದೆ, ಅದು ಬಾಗುವ ಹಾಗೆಯೇ ಮಾಡಿದ್ದಾರಂತೆ ಎಂದೆ. ನಿಜ ಗೊತ್ತಾದರೆ ಭಯ ಕಡಿಮೆ ಎನ್ನುತ್ತಿದ್ದಳು. ಇಳಿಯುವ ಹೊತ್ತಿಗೆ ಅವಳು ಒಂದೆರಡು ಗಂಟೆ ನಿದ್ದೆಯನ್ನೂ ಮಾಡಿದ್ದಳು.

ಮೊದಲ ಬೆಳಿಗ್ಗೆ ರಘು ಫೋನು ನೋಡಿ ಹೊರಗೆ ಹತ್ತು ಡಿಗ್ರಿ ಎಂದ. ಹತ್ತೆಂದರೆ ಊಟಿಯ ಚಳಿ ಎಂದುಕೊಂಡು ಸ್ವೆಟರ್ ಹಾಕಿ ಕ್ಯಾಮೆರಾ ಹಿಡಿದು ಹೊರಟೆ. ಐದು ಹೆಜ್ಜೆಗೆ ಮೂಗಿನ ಕೂದಲು ಮುಳ್ಳಾದವು, ಕಣ್ಣಿನ ನೀರು ರೆಪ್ಪೆಯಲ್ಲೇ ಗಟ್ಟಿಯಾಯಿತು. ಅಲ್ಲಿಯವರ ಹತ್ತು ಡಿಗ್ರಿ ಬೇರೆಯೇ ಲೆಕ್ಕವಂತೆ. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಗೆ. ಓಡಿ ಒಳಗೆ ಬಂದರೆ ಲೆನ್ಸಿನ ಮೇಲೆಲ್ಲ ಮಂಜು ಕಟ್ಟಿ ಮಧ್ಯಾಹ್ನದವರೆಗೆ ಕ್ಯಾಮೆರಾ ಕೆಲಸಕ್ಕೆ ಬರಲಿಲ್ಲ. ಚಳಿಯಿಂದ ಒಳಗೆ ತರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಬೇಕೆಂದು ಆಮೇಲೆ ಕಲಿತೆ.

ಆ ಬೀದಿಯಲ್ಲಿ ಮನುಷ್ಯರೇ ಕಾಣುವುದಿಲ್ಲ. ಎದುರು ಮನೆಯ ಮುದುಕನೊಬ್ಬ ಹಿಮ ಎಸೆಯುವ ಯಂತ್ರ ತಳ್ಳಿಕೊಂಡು ಬಂದು, ತನ್ನ ಅಂಗಳದ ಜೊತೆ ರಘುವಿನ ಅಂಗಳದ ಹಿಮವನ್ನೂ ಬಳಿದು ಹಾಕಿ, ಬಾಗಿಲ ಕಡೆ ನೋಡದೆ ಹೋಗಿಬಿಟ್ಟ. ಕರೆದು ಕಾಫಿ ಕೊಡಬಾರದೇ ಎಂದು ಲಲಿತ ಕೇಳಿದಳು. ಕರೆದರೆ ನಾಳೆಯಿಂದ ಸಂಕೋಚಪಟ್ಟುಕೊಂಡು ಬರುವುದನ್ನೇ ಬಿಡುತ್ತಾನೆ ಎಂದು ರಘು ನಕ್ಕ.

ಹಿಮ ತೊಳೆಯುವ ವಿದ್ಯೆಯನ್ನು ರಘು ನಮ್ಮಿಬ್ಬರಿಗೂ ಊಟದ ಮೇಜಿನ ಮೇಲೆ ಹೇಳಿಕೊಟ್ಟ. ದ್ರವ ಎರಡು ಬಗೆ. ಮೊದಲು ಕಿತ್ತಳೆ ಬಣ್ಣದ್ದು, ಬಿಸಿ. ಕೂತ ಹಿಮವನ್ನು ಕರಗಿಸಿ ಇಳಿಸುತ್ತದೆ. ಆಮೇಲೆ ಹಸಿರು ಬಣ್ಣದ್ದು, ಮಂದ. ಹೊಸದಾಗಿ ಬೀಳುವ ಹಿಮ ರೆಕ್ಕೆಗೆ ಅಂಟದಂತೆ ಹಾರುವವರೆಗೂ ಕಾಯುತ್ತದೆ. ಅದು ಎಷ್ಟು ಹೊತ್ತು ಕಾಯುತ್ತದೆ ಎಂಬುದಕ್ಕೆ ಒಂದು ಮಿತಿಯಿದೆ. ಹೇಳಿದ್ದು ಸಾಲದೆಂದು ಸ್ಟೀಲ್ ತಟ್ಟೆಗೆ ಜೇನುತುಪ್ಪ ಸವರಿ, ಅದರ ಮೇಲೆ ಚಿಟಿಕೆ ಚಿಟಿಕೆ ಸಕ್ಕರೆ ಉದುರಿಸಿದ. ಮೊದಮೊದಲು ಸಕ್ಕರೆ ಒಳಗೆ ಮುಳುಗಿ ಜೇನು ಹೊಳೆಯುತ್ತಲೇ ಇತ್ತು. ಉದುರಿಸುತ್ತಾ ಹೋದಂತೆ ಒಂದು ಹಂತದಲ್ಲಿ ಸಕ್ಕರೆ ಮುಳುಗದೆ ಮೇಲೆಯೇ ನಿಂತಿತು. ತಟ್ಟೆ ಮಂಕಾಯಿತು.

"ಹೊಳೀತಿರೋ ತನಕ ಭಯ ಇಲ್ಲ. ಹೀಗೆ ಮಂಕಾಯ್ತು ಅಂದ್ರೆ ಮುಗೀತು, ಮತ್ತೆ ತೊಳೀಬೇಕು. ಒರಟಾದ ರೆಕ್ಕೆ ವಿಮಾನನ ಎತ್ತಲ್ಲ ಭಾವ. ಪೈಲಟ್‌ಗಳು ನೋಡ್ತಾರೆ. ಆದ್ರೂ ಒಳಗಡೆಯಿಂದ ನಿಮಗೇನಾದ್ರೂ ಹಾಗೆ ಕಂಡ್ರೆ ತಲೆ ಮೇಲಿನ ಬಟನ್ ಒತ್ತಿ ಗಗನಸಖೀನ ಕರೀರಿ. ಯಾರೂ ಬೈಯಲ್ಲ, ಥ್ಯಾಂಕ್ಸ್ ಹೇಳ್ತಾರೆ."

"ಅಷ್ಟು ಹೇಳೋಕೆ ಒಳ್ಳೆ ಜೇನುತುಪ್ಪ ದಂಡ ಮಾಡ್ದೆ ನೋಡು," ಎಂದಳು ಲಲಿತ. ಆದರೆ ತಟ್ಟೆಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದವಳೂ ಅವಳೇ.

ಎಲ್ಕ್ ಗ್ರೋವ್ ವಿಲೇಜ್

ರಘುವಿನ ವರ್ಕ್‌ಶಾಪ್ ಇರುವುದು ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ. ಹೆಸರಿಗೆ ವಿಲೇಜು. ಮೈಲಿಗಟ್ಟಲೆ ಕಾರ್ಖಾನೆ, ಗೋದಾಮು, ಲಾರಿ. ತಲೆಯ ಮೇಲೆ ಓಹೇರ್ ನಿಲ್ದಾಣದ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿರುತ್ತವೆ. ಎರಡು ದಿನ ರಘುವಿನ ಜೊತೆ ಹೋದೆ. ಹೊಸಬರಿಗೆ ಕೆಲಸ ಕಲಿಸಲು ಅಂಗಳದಲ್ಲಿ ಹಳೆಯ ರೆಕ್ಕೆಯೊಂದನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಅದರ ಮೇಲೆ ಅವರು ದ್ರವ ಹಾಯಿಸುವುದನ್ನೂ, ಹಿಮ ಬೀಳುತ್ತಾ ಬೀಳುತ್ತಾ ಹೊಳಪು ಸಾಯುವುದನ್ನೂ ಹತ್ತಿರದಿಂದ ನೋಡಿದೆ. ನೂರಾರು ಫೋಟೋ ತೆಗೆದೆ. ಯಾವ ನಿಮಿಷದಲ್ಲಿ ಮಂಕಾಯಿತು ಎಂದು ರಘುವಿಗಿಂತ ಮೊದಲು ನಾನೇ ಹೇಳಬಲ್ಲೆನಾದೆ. ಅಲ್ಲಿಯ ಮೆಕ್ಯಾನಿಕ್ ಒಬ್ಬ ನನ್ನ ಬೆರಳು ನೀಲಿಯಾದದ್ದು ಕಂಡು, ಉಜ್ಜಿದರೆ ಬಿಸಿಯಾಗುವ ಎರಡು ಪೊಟ್ಟಣ ತಂದು ನನ್ನ ಜೇಬಿಗೆ ತುರುಕಿ ಹೋದ.

ಎರಡನೇ ದಿನ ಸಂಜೆ ರಸ್ತೆ ಬದಿಯಲ್ಲಿ ನಿಂತು, ನಿಲ್ದಾಣದ ಬೇಲಿಯ ಮೇಲಿನಿಂದ ದೊಡ್ಡ ಲೆನ್ಸು ಹಾಕಿ ಫೋಟೋ ತೆಗೆಯುತ್ತಿದ್ದೆ. ಬೆನ್ನ ಹಿಂದೆ ನೀಲಿ ಕೆಂಪು ದೀಪ ತಿರುಗಿತು. ಪೊಲೀಸಿನವನು ಕೈಗಳನ್ನು ಕಾಣುವ ಹಾಗೆ ಇಟ್ಟುಕೋ ಎಂದ. ನನಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಆ ಎರಡನೇ ಸಲ ಅವನ ದನಿ ಬದಲಾಗಿತ್ತು. ರಘು ಕಾರಿನಿಂದ ಇಳಿಯಲು ಹೋದರೆ ಅವನನ್ನು ಒಳಗೇ ಕೂರಿಸಿದ. ಹತ್ತು ನಿಮಿಷ ನನ್ನ ಪಾಸ್‌ಪೋರ್ಟ್ ಅವನ ಕಾರಿನಲ್ಲಿತ್ತು, ನಾನು ಹಿಮದಲ್ಲಿದ್ದೆ. ಕೊನೆಗೆ ಕ್ಯಾಮೆರಾದಲ್ಲಿ ಏನಿದೆ ತೋರಿಸು ಎಂದ. ತೋರಿಸಿದೆ. ರೆಕ್ಕೆ, ರೆಕ್ಕೆ, ರೆಕ್ಕೆ. ತನ್ನ ಅಮ್ಮನಿಗೂ ಹೀಗೇ ಹಕ್ಕಿಗಳ ಹುಚ್ಚು ಎಂದು ಹೇಳಿ, ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಚಳಿಯಿದೆ ಮನೆಗೆ ಹೋಗು ಎಂದ.

ಇಷ್ಟಾದರೂ ನನಗೆ ತೃಪ್ತಿಯಿರಲಿಲ್ಲ. ಹೊರಗಿನಿಂದ ತೆಗೆದದ್ದೆಲ್ಲ ಬೇರೆಯವರೂ ತೆಗೆಯಬಹುದಾದ ಫೋಟೋ. ತೊಳೆಸಿಕೊಳ್ಳುತ್ತಿರುವ ವಿಮಾನದ ಒಳಗೆ, ರೆಕ್ಕೆಯ ಪಕ್ಕದ ಕಿಟಕಿಯಲ್ಲಿ ನಾನಿರಬೇಕು ಎನಿಸಿತು.

ತೀರಿಹೋದ ನನ್ನ ಅಕ್ಕನ ಮಗಳು ವಿದ್ಯಾ ಇರುವುದು ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ಅವಳು ಡಾಕ್ಟರು. ಅವಳ ಮನೆಗೆ ನಮ್ಮನ್ನು ಭಾನುವಾರ ಕಾರಿನಲ್ಲಿ ಬಿಡುತ್ತೇನೆಂದು ರಘು ಹೇಳಿದ್ದ. ಐದು ಗಂಟೆಯ ದಾರಿ. ನಾನು ಬೇಡ, ಗುರುವಾರ ವಿಮಾನದಲ್ಲೇ ಹೋಗುತ್ತೇವೆ ಎಂದೆ.

"ಗುರುವಾರ ಸ್ನೋ ಇದೆ ಭಾವ."

"ಅದಕ್ಕೇ ಕಣಯ್ಯಾ."

ರಘು ಅಕ್ಕನ ಮುಖ ನೋಡಿದ. ಲಲಿತ ಚಪಾತಿ ಲಟ್ಟಿಸುತ್ತಿದ್ದವಳು ತಲೆ ಎತ್ತದೆ, ಷರತ್ತು ನೆನಪಿದ್ದರೆ ಸಾಕು ಎಂದಳು. ನೆನಪಿದೆ ಎಂದೆ.

ಓಹೇರ್, ಸಾಲು ಇಪ್ಪತ್ತೊಂದು

ಗುರುವಾರ ಮಧ್ಯಾಹ್ನ ಹಿಮ ಸಣ್ಣ ರವೆಯ ಹಾಗೆ ಬೀಳುತ್ತಿತ್ತು. ಕಿಟಕಿಗೆ ನಾನು, ನಡುವೆ ಲಲಿತ, ಓಣಿಯ ಕಡೆ ಹೆಣೆದ ಟೋಪಿ ಹಾಕಿದ ದಪ್ಪ ಮನುಷ್ಯ. ಅವನು ಬೆಲ್ಟು ಕಟ್ಟಿಕೊಳ್ಳುತ್ತಲೇ ನಿದ್ದೆ ಹೋದ. ನಾವು ಮಳೆಯಲ್ಲಿ ಬಸ್ಸು ಹತ್ತುವ ಹಾಗೆ ಅಲ್ಲಿಯವರು ಹಿಮದಲ್ಲಿ ವಿಮಾನ ಹತ್ತುತ್ತಾರೆ. ಹೊರಗೆ ನೋಡುತ್ತಿದ್ದವನು ಇಡೀ ವಿಮಾನದಲ್ಲಿ ನಾನೊಬ್ಬನೇ ಇರಬೇಕು.

ಒಳಗಿನ ದೀಪ ಕಿಟಕಿಯ ಗಾಜಿನಲ್ಲಿ ಕಂಡು ಫೋಟೋ ಕೆಡುತ್ತದೆ. ಲಲಿತಳ ಕಪ್ಪು ಶಾಲು ಕೇಳಿದೆ. ಚಳಿಯಲ್ಲೂ ತೆಗೆದುಕೊಟ್ಟಳು. ಅದನ್ನು ತಲೆಯ ಮೇಲಿಂದ ಕಿಟಕಿಗೆ ಡೇರೆಯಂತೆ ಕಟ್ಟಿಕೊಂಡು ಒಳಗೆ ಹೊಕ್ಕೆ. ಹಾಗಾಗಿ ಅವಳು ನೋಡಬೇಕೆಂದರೂ ಅವಳಿಗೆ ಹೊರಗಿನದು ಏನೂ ಕಾಣುವಂತಿರಲಿಲ್ಲ.

ತೊಳೆಯುವ ಜಾಗದಲ್ಲಿ ವಿಮಾನ ನಿಂತಿತು. ಎರಡೂ ಕಡೆಯಿಂದ ಲಾರಿಗಳು ಬಂದವು. ಕಿತ್ತಳೆ ದ್ರವ ಅಪ್ಪಳಿಸಿತು, ಕಿಟಕಿಯ ತುಂಬ ಹಬೆ. ಬೆಲ್ಲದ ಪಾಕದಂಥ ವಾಸನೆ ಒಳಗೂ ಬಂತು. ಲಲಿತ ಏನದು ಎಂದಳು. ರಘು ಹೇಳಿದ ದ್ರವ, ಹೆದರಬೇಡ ಎಂದೆ. ಅದು ನಿಜವೇ. ಆಮೇಲೆ ಹಸಿರು ಬಂತು, ರೆಕ್ಕೆಯ ಮೇಲೆ ನಿಧಾನವಾಗಿ ಹರಡಿಕೊಂಡು ಕನ್ನಡಿಯಾಯಿತು. ಕನ್ನಡಿಯ ಹಾಗೆ ಹೊಳೆಯುತ್ತಿದೆ ಎಂದೆ. ಅದೂ ನಿಜ. ಅವಳ ಉಸಿರು ಸಡಿಲವಾದದ್ದು ನನಗೆ ಶಾಲಿನೊಳಗೂ ಕೇಳಿಸಿತು.

ವಿಮಾನ ಹೋಗಿ ಸಾಲಿನಲ್ಲಿ ನಿಂತಿತು. ಮುಂದೆ ಐದಾರು ವಿಮಾನ. ರನ್‌ವೇಯ ಹಿಮ ಬಳಿಯುತ್ತಿದ್ದಾರೆ, ಕಾಯಬೇಕು ಎಂದು ಪೈಲಟ್ ಹೇಳಿದರು. ಹಿಮ ಬಳಿಯುವ ಲಾರಿಗಳು ಒಂದರ ಹೆಗಲಿಗೊಂದು ಓರೆಯಾಗಿ, ಗದ್ದೆಯಲ್ಲಿ ನೇಗಿಲುಗಳು ಸಾಲಾಗಿ ಹೋದಂತೆ ಹೋದವು. ಆ ಹೊತ್ತಿಗೆ ರವೆಯಂತಿದ್ದ ಹಿಮ ಅವಲಕ್ಕಿಯಷ್ಟು ದಪ್ಪವಾಗಿತ್ತು.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನನಗೆ ಕಂಡಿತು. ಗಂಟೆ ನೆನಪಿನಿಂದ ಹೇಳುತ್ತಿಲ್ಲ, ಕ್ಯಾಮೆರಾ ಪ್ರತಿ ಫೋಟೋದ ಮೇಲೂ ಬರೆದಿಟ್ಟಿದೆ. ರೆಕ್ಕೆಯ ಹಿಂದಿನ ಅಂಚಿನ ಹತ್ತಿರ, ಊಟದೆಲೆಯಷ್ಟು ಜಾಗದಲ್ಲಿ, ಹಿಮದ ಚೂರು ಬಿದ್ದದ್ದು ಮುಳುಗಲಿಲ್ಲ. ಅದರ ಮೇಲೆ ಇನ್ನೊಂದು ಬಿತ್ತು, ಅದೂ ನಿಂತಿತು. ಹೊಳಪು ಸತ್ತಿತ್ತು. ಎಲ್ಕ್ ಗ್ರೋವ್‌ನ ಅಂಗಳದಲ್ಲಿ ರಘುವಿಗಿಂತ ಮೊದಲು ಗುರುತಿಸುತ್ತಿದ್ದವನಿಗೆ ಇಲ್ಲಿ ಅನುಮಾನವೇ ಇರಲಿಲ್ಲ.

ಬಟನ್ ತಲೆಯ ಮೇಲೆಯೇ ಇತ್ತು. ನನ್ನ ಇಂಗ್ಲಿಷ್ ಹರಕುಮುರುಕು, ಆದರೆ "ಸ್ನೋ, ವಿಂಗ್" ಎನ್ನಲು ಎಷ್ಟು ಇಂಗ್ಲಿಷ್ ಬೇಕು? ನಾಚಿಕೆಯೂ ಅಡ್ಡ ಬರಲಿಲ್ಲ. ಆಗ ನನ್ನ ತಲೆಯಲ್ಲಿದ್ದ ಯೋಚನೆ ಒಂದೇ: ಹೇಳಿದರೆ ತೊಳೆದುಬಿಡುತ್ತಾರೆ. ಹಸಿರಿನ ಮೇಲೆ ಬಿಳಿ ಹರಳುಗಳು ಒಂದರ ಮೇಲೊಂದು ನಿಲ್ಲುತ್ತಿದ್ದವು. ರೆಕ್ಕೆಯ ತುದಿಯ ದೀಪ ಮಿನುಗಿದಾಗಲೆಲ್ಲ ಪ್ರತಿ ಹರಳಿಗೂ ತನ್ನದೇ ನೆರಳು ಬೀಳುತ್ತಿತ್ತು. ನಲವತ್ತೊಂದು ವರ್ಷದಲ್ಲಿ ಅಂಥದ್ದು ನನ್ನ ಕ್ಯಾಮೆರಾದ ಮುಂದೆ ಬಂದಿರಲಿಲ್ಲ. ತೆಗೆದೆ. ಇನ್ನೊಂದು ತೆಗೆದೆ. ಮಂಕು ಹರಡುತ್ತಾ ಊಟದೆಲೆಯಷ್ಟಿದ್ದದ್ದು ಚಾಪೆಯಷ್ಟಾಯಿತು. ಹರಡಿದಷ್ಟೂ ಫೋಟೋ ಚೆನ್ನಾಗಿ ಬಂತು.

ಮುಂದಿನ ವಿಮಾನಗಳು ಒಂದೊಂದಾಗಿ ಹಾರತೊಡಗಿದವು. ನಮ್ಮದು ಮುಂದೆ ಸರಿಯಿತು, ನಿಂತಿತು, ಮತ್ತೆ ಸರಿಯಿತು. ನಮ್ಮ ಮುಂದೆ ಮೂರು, ಆಮೇಲೆ ಎರಡು. ಫೋಟೋ ಅಲುಗದಿರಲೆಂದು ಮೊಣಕೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದೆ.

ಆಗ ಲಲಿತ ಒಂದು ಸಲ ಕೇಳಿದಳು.

"ರೀ, ಹೊಳೀತಾ ಇದೆಯಾ?"

ಅವಳು ನನ್ನ ಕಡೆ ವಾಲಿದ್ದರಿಂದ ಶಾಲು ಎಳೆದಂತಾಗಿ ಬೆಳಕು ನುಗ್ಗಿತು.

"ಚೆನ್ನಾಗಿದೆ. ಅಲ್ಲಾಡ್ಬೇಡ," ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಸಾವಿರಾರು ಗಿರಾಕಿಗಳಿಗೆ ಹೇಳಿ ಹೇಳಿ ನಾಲಗೆಯ ತುದಿಯಲ್ಲೇ ಇದ್ದ ಮಾತು. ಹಾಗೆಂದು ಅದು ಕಡಿಮೆ ಸುಳ್ಳಾಗುವುದಿಲ್ಲ. ಇಡೀ ವಿಮಾನದಲ್ಲಿ ರೆಕ್ಕೆಯ ಬಗ್ಗೆ ನನ್ನನ್ನು ಕೇಳಿದವಳು ಅವಳೊಬ್ಬಳೇ, ಅದೂ ನಾನು ಕೊಟ್ಟ ಮಾತಿನ ಮೇಲೆ ನಂಬಿಕೆಯಿಟ್ಟು. ಅವಳು ಸರಿ ಎಂದು ಹಿಂದಕ್ಕೆ ಒರಗಿದಳು.

ಮೂರು ಮೂವತ್ತೊಂದಕ್ಕೆ ಯಾರೋ ಶಾಲಿನ ಮೇಲಿಂದ ನನ್ನ ಹೆಗಲು ಮುಟ್ಟಿದರು. ಹೊರಗೆ ತಲೆ ಹಾಕಿದೆ. ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿ. ಮೂವತ್ತರ ಒಳಗಿನ ಹುಡುಗಿ, ಎರಡನೇ ಪೈಲಟ್. ಹಾರುವ ಮೊದಲು ರೆಕ್ಕೆ ನೋಡಬೇಕು, ನಿಮ್ಮ ಕಿಟಕಿ ಬಿಡಿ ಎಂದಳು. ಟೋಪಿಯ ಮನುಷ್ಯ ಎದ್ದು ಓಣಿಯಲ್ಲಿ ನಿಂತ. ನಾನು ಶಾಲು ಎಳೆದು ತೆಗೆದೆ. ಅವಳು ನಮ್ಮಿಬ್ಬರ ಮೇಲಿಂದ ಬಾಗಿ ಗಾಜಿಗೆ ಹಣೆ ಹಚ್ಚಿ ನೋಡಿದಳು. ಹತ್ತು ಎಣಿಸುವಷ್ಟು ಹೊತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ. ಥ್ಯಾಂಕ್ಯೂ ಎಂದು ನೆಟ್ಟಗಾಗಿ, ಓಡದೆ, ಆದರೆ ಬಂದದ್ದಕ್ಕಿಂತ ಬೇಗ ಮುಂದಕ್ಕೆ ಹೋದಳು. ವಿಮಾನ ಸಾಲು ಬಿಟ್ಟು ಪಕ್ಕಕ್ಕೆ ತಿರುಗಿತು. ಮತ್ತೆ ತೊಳೆಸಬೇಕಾಗಿದೆ, ಕ್ಷಮಿಸಿ ಎಂದು ಪೈಲಟ್ ಹೇಳಿದರು. ಯಾರೋ ಹಿಂದಿನ ಸಾಲಿನವರು ಬೇಸರದಿಂದ ನಿಟ್ಟುಸಿರು ಬಿಟ್ಟರು.

ಲಲಿತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆ ಬಿಟ್ಟ ಮೇಲೆ ವಿಮಾನದಲ್ಲಿ ಅವಳು ಹೊರಗೆ ನೋಡಿದ್ದು ಅದೇ ಮೊದಲು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ಮೆಲ್ಲಗೆ, ಯಾರಿಗೂ ಕೇಳದಂತೆ ಕೇಳಿದಳು.

"ಇದನ್ನೇನಾ ಚೆನ್ನಾಗಿದೆ ಅಂದಿದ್ದು?"

ಅವಳು ಶಾಲನ್ನು ನೀಟಾಗಿ ಮಡಚಿ ನನ್ನ ತೊಡೆಯ ಮೇಲಿಟ್ಟಳು, ಹೊದೆಯಲಿಲ್ಲ.

ಎರಡನೆಯ ಸಲ ತೊಳೆಸಿಕೊಂಡು ಹಾರುವ ಹೊತ್ತಿಗೆ ನಾಲ್ಕೂಮುಕ್ಕಾಲು. ನಾನು ಒಂದು ಫೋಟೋವನ್ನೂ ತೆಗೆಯಲಿಲ್ಲ. ಮೋಡದೊಳಗೆ ವಿಮಾನ ಹಳ್ಳದ ರಸ್ತೆಯ ಜೀಪಿನಂತೆ ಎತ್ತಿ ಹಾಕಿತು. ನನ್ನ ಕೈ ಅವಳ ಕೈಯ ಪಕ್ಕದಲ್ಲೇ ಇತ್ತು. ಅವಳು ಹಿಡಿಯಲಿಲ್ಲ, ನನಗೆ ಹಿಡಿಯುವ ಧೈರ್ಯವಿರಲಿಲ್ಲ. ಟೋಪಿಯ ಮನುಷ್ಯ ಅವಳ ಮುಖ ನೋಡಿ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟ. ಅವಳು ತೆಗೆದುಕೊಂಡಳು. ಪ್ರತಿ ವಾರ ಹೋಗಿ ಬರುತ್ತೇನೆ, ಇದು ಏನೂ ಅಲ್ಲ ಎಂದು ಅವನು ಅವಳಿಗೆ ಹೇಳಿದ. ಅವನ ಮಾತನ್ನು ಅವಳು ನಂಬಿದಳು.

ಫಾರ್ಮಿಂಗ್ಟನ್ ಹಿಲ್ಸ್

ವಿದ್ಯಾ ಕಾರು ತಂದಿದ್ದಳು. ಆ ಊರಿನಲ್ಲಿ ಹಾಲು ತರುವುದಕ್ಕೂ ಕಾರೇ. ದಾರಿಯುದ್ದಕ್ಕೂ ಲಲಿತ ಅವಳ ಜೊತೆ ಚೆನ್ನಾಗಿಯೇ ಮಾತಾಡಿದಳು. ವಿಮಾನ ತಡವಾಯಿತು ಎಂದಳು, ಅಷ್ಟೇ. ಮುಂದಿನ ಎರಡು ದಿನ ನನ್ನ ಜೊತೆ ಮಾತು ನಿಲ್ಲಿಸಲಿಲ್ಲ. ಮಾತ್ರೆ ತಗೊಂಡ್ರಾ, ಸ್ನಾನಕ್ಕೆ ನೀರು ಬಿಸಿಯಿದೆ, ಇಂಥವೆಲ್ಲ ಇದ್ದವು. ಕೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ಹೊರಗೆ ಚಳಿ ಎಷ್ಟಿದೆ ಎಂದು ತಿಳಿಯಬೇಕಿದ್ದರೆ, ನಾನು ಬಾಗಿಲಲ್ಲೇ ನಿಂತಿದ್ದರೂ, ತಾನೇ ಬಂದು ಬಾಗಿಲು ತೆಗೆದು ಕೈ ಹೊರಗೆ ಚಾಚಿ ನೋಡುತ್ತಿದ್ದಳು.

ಶನಿವಾರ ಮಧ್ಯಾಹ್ನ ವಿದ್ಯಾಳ ಮನೆಗೆ ಹತ್ತು ಜನ ಊಟಕ್ಕೆ ಬಂದಿದ್ದರು. ಬೆಂಗಳೂರು, ಮೈಸೂರಿನವರು, ಒಬ್ಬರು ಧಾರವಾಡದವರು. ಬಿಸಿಬೇಳೆಬಾತ್ ಆದ ಮೇಲೆ ವಿದ್ಯಾ ನನ್ನ ಫೋಟೋಗಳನ್ನು ಗೋಡೆಯಷ್ಟಿದ್ದ ಟೀವಿಗೆ ಹಾಕಿದಳು. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಹೊಗಳಿಕೆಗೆ ನನ್ನ ಕಿವಿ ಆಗಲೇ ನಿಮಿರಿತ್ತು.

ಆ ಇಪ್ಪತ್ತಮೂರು ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಅಂಕಲ್, ಇದು ಎಗ್ಸಿಬಿಶನ್‌ಗೆ ಹೋಗಬೇಕು ಎಂದರು ಒಬ್ಬರು. ಧಾರವಾಡದವರು ಎದ್ದು ಟೀವಿಯ ಹತ್ತಿರ ಹೋಗಿ, "ಏನ್ರೀ ಇದು, ಮುತ್ತು ಸುರುವಿಧಂಗ ಐತಲ್ರೀ," ಎಂದರು. ನಾನು ಉಬ್ಬಿಹೋದೆ. ಹೊಳೆಯುವ ದ್ರವ ಯಾವುದು, ಸತ್ತ ದ್ರವ ಯಾವುದು, ಮಂಕಾದರೆ ಏನು ಅರ್ಥ, ವಿಮಾನ ಯಾಕೆ ಏಳುವುದಿಲ್ಲ ಎಂದೆಲ್ಲ ಮೇಷ್ಟರಂತೆ ಬೆರಳಿಟ್ಟು ತೋರಿಸಿದೆ.

ವಿದ್ಯಾಳ ಮಗಳು ಮೀರಾಗೆ ಹದಿನಾಲ್ಕು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ನೆಲದ ಮೇಲೆ ಕೂತು ಫೋಟೋಗಳ ಕೆಳಗಿನ ಗಂಟೆ ಓದುತ್ತಿದ್ದವಳು ತಲೆ ಎತ್ತಿದಳು.

"ವೇಟ್, ತಾತ. ಸೋ ಯು ನ್ಯೂ?"

ಅಂದರೆ ನಿಮಗೆ ಗೊತ್ತಿತ್ತಾ ಎಂದು. ಮಗುವಿನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ಬರೀ ಲೆಕ್ಕ ಕೂಡಿಸುತ್ತಿದ್ದಳು. ವಿದ್ಯಾ ಅವಳನ್ನು ಗದರಲು ಹೋದಳು. ನಾನು ತಡೆದೆ. ಗೊತ್ತಿತ್ತು ಎಂದೆ. ಹತ್ತೊಂಬತ್ತು ನಿಮಿಷ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ನಿನ್ನ ಅಜ್ಜಿ ಕೇಳಿದಾಗ ಚೆನ್ನಾಗಿದೆ ಎಂದೆ. ಎದುರಿಗಿದ್ದವರ ಕಣ್ಣುಗಳಲ್ಲಿ ಮರುಕ ಕಂಡಿತು. ಪೈಲಟ್ ನೋಡೇ ನೋಡ್ತಾರೆ ಅಂಕಲ್, ನೀವು ಹೇಳದಿದ್ದರೂ ಏನೂ ಆಗ್ತಿರಲಿಲ್ಲ ಎಂದರು ಯಾರೋ. ಇನ್ನೊಬ್ಬರು, ಇಷ್ಟು ಜನರ ಮುಂದೆ ಒಪ್ಪಿಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು ಎಂದರು. ಹೇಳಲು ನಾಚಿಕೆಯಾಗುತ್ತದೆ, ಆ ಮಾತು ನನಗೆ ಹಿತವಾಗಿತ್ತು.

ಲಲಿತ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಹತ್ತಿರ ಬಂದಳು.

"ಹತ್ತು ಜನಕ್ಕೆ ಹೇಳಿದ್ರೆ ನನಗೆ ಹೇಳ್ದಂಗಾಯ್ತಾ?"

ಲೋಟ ಕೊಟ್ಟು ಹೋದಳು.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಕೂತು ಹುರುಳಿಕಾಯಿ ಮುರಿಯುತ್ತಿದ್ದಾಗ ಎದುರಿಗೆ ಹೋಗಿ ಕೂತೆ. ತಪ್ಪಾಯಿತು ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಯಾಕೆ ಹಾಗಂದ್ರಿ? ನನಗೆ ಭಯ ಆಗುತ್ತೆ ಅಂತಾನಾ?"

ಹೌದು ಎಂದು ಹೇಳಿ ಪಾರಾಗಬಹುದಿತ್ತು. ಅವಳೇ ಬಾಗಿಲು ತೆರೆದು ಕೊಟ್ಟಿದ್ದಳು.

"ಅಲ್ಲ. ಫೋಟೋ ಚೆನ್ನಾಗಿ ಬರ್ತಿತ್ತು."

"ಅಷ್ಟೇನಾ?"

"ಅಷ್ಟೇ."

ಅವಳು ಹುರುಳಿಕಾಯಿಯ ನಾರನ್ನು ಬೆರಳಿಗೆ ಸುತ್ತಿಕೊಂಡು ಕಿಟಕಿಯಾಚೆ ಹಿತ್ತಲಿನ ಹಿಮ ನೋಡಿದಳು. ಪಾಪ, ಆ ಟೋಪಿಯವನು ಕೂಡ ಸತ್ತುಹೋಗ್ತಿದ್ದ ಎಂದಳು. ಆಮೇಲೆ ಪಾತ್ರೆ ಎತ್ತಿಕೊಂಡು ಎದ್ದಳು.

ಗ್ಲೆಂಡೇಲ್ ಹೈಟ್ಸ್‌ಗೆ ವಿದ್ಯಾ ನಮ್ಮನ್ನು ಕಾರಿನಲ್ಲೇ ತಲುಪಿಸಿದಳು. ಬೆಂಗಳೂರಿಗೆ ಹೊರಡುವ ದಿನ ವಿಮಾನದಲ್ಲಿ ಲಲಿತ ತಾನೇ ಕಿಟಕಿಯ ಸೀಟಿನಲ್ಲಿ ಕೂತಳು. ಹಾರುವಾಗ ಅವಳ ಕುತ್ತಿಗೆಯ ನರ ಬಿಗಿದಿತ್ತು, ಕಣ್ಣು ಮಾತ್ರ ರೆಕ್ಕೆಯ ಮೇಲೇ ಇತ್ತು.

ತಿಪಟೂರು

ಇಷ್ಟು ಬರೆದ ಮೇಲೆ ಅಚ್ಚಿಗೆ ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಜಗಲಿಯ ಮೇಲೆ ಕೂತು ಕೇಳಿದಳು. ಪೊಲೀಸಿನವನ ಕಥೆಗೆ ನಕ್ಕಳು. ಊಟಿಯ ಚಳಿ ಎಂದು ಹೊರಟ ಕಡೆ, ಟೋಪಿಯನ್ನೂ ಹಾಕಿಕೊಂಡಿರಲಿಲ್ಲ, ಅದನ್ನೂ ಬರೀರಿ ಎಂದಳು. ನಾನು ಕೊನೆಯವರೆಗೂ ಓದಿ ಹಾಳೆಗಳನ್ನು ಜೋಡಿಸಿಕೊಂಡೆ.

"ಒಂದ್ಸಲ ಕೇಳ್ದೆ ಅಂತ ಬರ್ದಿದೀರಲ್ಲ," ಎಂದಳು. "ಮೂರು ಸಲ ಕೇಳ್ದೆ."

ನನಗೆ ಒಂದೇ ನೆನಪು ಎಂದೆ. ಸತ್ಯವಾಗಿಯೂ ಒಂದೇ ನೆನಪಿತ್ತು.

"ಬಳಿಯೋ ಲಾರಿಗಳು ಸದ್ದು ಮಾಡ್ಕೊಂಡು ಹೋದಾಗ ಒಂದು. ಮುಂದಿನ ವಿಮಾನ ಹೊರಟಾಗ ಒಂದು, ನೀವು ಬರೆದಿರೋದು ಅದು. ಮೂರನೇ ಸಲ ನಿಮ್ಮ ಮಂಡಿ ಮೇಲೆ ಕೈ ಇಟ್ಟು ಕೇಳ್ದೆ. ನೀವು ಮಂಡಿ ಸರಿಸ್ಕೊಂಡ್ರಿ."

ನಾನು ಪೆನ್ನು ತೆಗೆದು, ಮೇಲಿನ ಹಾಳೆ ಹುಡುಕಿ, ಒಂದು ಎಂಬುದನ್ನು ಹೊಡೆದುಹಾಕಲು ಹೋದೆ. ಅವಳು ಹಾಳೆಯ ಮೇಲೆ ಕೈಯಿಟ್ಟಳು.

"ಅದು ಹಾಗೇ ಇರ್ಲಿ. ಕೆಳಗೆ ಬರೀರಿ."

ಬರೆದಿದ್ದೇನೆ. ಮೂರು ಸಲ ಕೇಳಿದಳು.